ಗೆಣ್ಣು ದಾಟದ ಉಂಗುರ

ಮಂಗಳವಾರ, ಅಕ್ಟೋಬರ್ 8, ಮಾಂಟ್ಗೊಮರಿ

ನನ್ನ ಮದುವೆಯ ಉಂಗುರವನ್ನು ಇಂದು ನರ್ಸ್ ಕತ್ತರಿಸಿ ತೆಗೆದಳು. ಅದೇ ಮತ್ತೆ ಮತ್ತೆ ಕಣ್ಣಿಗೆ ಕಟ್ಟುತ್ತಿದೆ.

ಬೆಳಿಗ್ಗೆ ಬಸುರಿನ ತಪಾಸಣೆಗೆ ಹೊರಟಾಗ ಹಾಕಿಕೊಳ್ಳಲು ನೋಡಿದೆ; ಬೆರಳು ಊದಿ ಅದು ಗೆಣ್ಣು ದಾಟಲಿಲ್ಲ. ಅಮ್ಮ ಸೋಪು ಹಚ್ಚಿ ತುರುಕಿದಳು. "ಬರಿಗೈಲಿ ಹೋದ್ರೆ, ಕಪ್ಪು ಹುಡುಗಿ, ಗಂಡ ಇಲ್ಲ ಅಂದ್ಕೊಂಡು ಕೈತೊಳ್ಕೋತಾರೆ ಕಣೆ. ಮುತ್ತಿನ ಓಲೆನೂ ಹಾಕ್ಕೋ. ಟೀಚರ್ ಅಂತ ಹೇಳೋದು ಮರೀಬೇಡ." ನಮ್ಮಂಥ ಕಪ್ಪು ಜನರ ಮನೆಯ ಹೆಂಗಸರು ಆಸ್ಪತ್ರೆಗೆ ಹೋಗುವುದು ಹೀಗೆಯೇ, ಚರ್ಚಿಗೆ ಹೊರಟವರ ಹಾಗೆ.

ಮೂರು ದಿನದಿಂದ ತಲೆನೋವು ಎಂದೆ. ಡಾಕ್ಟರು ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, "ಚೆನ್ನಾಗೇ ಕಾಣ್ತಿದ್ದೀರಲ್ಲ. ಬಿ.ಪಿ. ಸ್ವಲ್ಪ ಜಾಸ್ತಿ ಇದೆ, ಉಪ್ಪು ಕಡಿಮೆ ಮಾಡಿ," ಎಂದರು. ಥ್ಯಾಂಕ್ಸ್ ಹೇಳಿ ಎದ್ದು ಬಂದೆ. ನನ್ನ ಮೇಲೆಯೇ ಸಿಟ್ಟು ಬರುವುದು ಅದಕ್ಕೆ.

ಕಾರಿನಲ್ಲಿ ಕಾಯುತ್ತಿದ್ದ ಚಿಕ್ಕಮ್ಮ ಲರ್ಲೀನ್ ನನ್ನ ಓಲೆ ನೋಡಲಿಲ್ಲ, ಊದಿದ ಬೆರಳು ನೋಡಿದಳು. ಬಸುರಿಯರ ಜೊತೆ ಆಸ್ಪತ್ರೆಗೆ ಹೋಗಿ ನಿಲ್ಲುವುದೇ ಅವಳ ಕೆಲಸ. ನನ್ನನ್ನು ಮತ್ತೆ ಒಳಗೆ ಕರೆದೊಯ್ದು ಮೆಲ್ಲಗೆ ಹೇಳಿದಳು: "ಡಾಕ್ಟ್ರೇ, ತಲೆನೋವು, ಬಿ.ಪಿ., ಊತ ಮೂರೂ ಇದೆ. ರಕ್ತ, ಮೂತ್ರ ಪರೀಕ್ಷೆ ಬೇಡ ಅನ್ನೋದಾದ್ರೆ, ನಾವು ಕೇಳಿದ್ವಿ, ನೀವು ಬೇಡ ಅಂದ್ರಿ ಅಂತ ಫೈಲಲ್ಲಿ ಬರೀರಿ. ನಾವು ಇಲ್ಲೇ ಕೂತಿರ್ತೀವಿ."

ಅವರು ಬರೆಯಲಿಲ್ಲ, ಪರೀಕ್ಷೆ ಮಾಡಿಸಿದರು. ಬಸುರಿನ ನಂಜು, ನನಗೂ ಮಗುವಿಗೂ ಅಪಾಯ ಎಂದು ಒಂದು ಗಂಟೆಯೊಳಗೆ ನನ್ನನ್ನು ಇಲ್ಲೇ ದಾಖಲು ಮಾಡಿಕೊಂಡರು. ಊತ ಏರುತ್ತಿದೆಯೆಂದು ನರ್ಸ್ ಉಂಗುರ ಕತ್ತರಿಸಿದ್ದು ಆಗಲೇ. ಈಗ ಬಿ.ಪಿ. ಇಳಿಯುತ್ತಿದೆ, ಮಗು ಒದೆಯುತ್ತಿದೆ.

ಅಮ್ಮ ಸಂಜೆ ಬಂದು ಪಕ್ಕದಲ್ಲಿ ಕೂತಳು. ಈಗಷ್ಟೇ ತನ್ನ ಉಂಗುರ ಕಳಚಿ ನನ್ನತ್ತ ಚಾಚಿದಳು. "ರಾತ್ರಿ ಪಾಳಿಗೆ ಬೇರೆ ನರ್ಸ್ ಬರ್ತಾಳೆ, ಬರಿಗೈ ನೋಡ್ತಾಳೆ. ಕಿರುಬೆರಳಿಗಾದ್ರೂ ಹಾಕ್ಕೋ."

ಹಾಕಿಕೊಂಡೆ.