ಒಂದೂ ಮಾತ್ರೆ ನುಂಗದವರಿಗೆ

ಚಂದಕವಾಡಿ,
14 ನವೆಂಬರ್ 2024, ಗುರುವಾರ ಬೆಳಿಗ್ಗೆ

ಸೋಮೇಶನ ತಂದೆಯವರಿಗೆ, ದೊಡ್ಡಮಲ್ಲಮ್ಮನ ನಮಸ್ಕಾರ.

ನಿಮ್ಮ ಕಾಗದವನ್ನು ಮಗ ತಂದುಕೊಟ್ಟ. ಉತ್ತರಕ್ಕೆಂದು ಜಗಲಿಯ ಮೇಲೆ ಕಾದು ಕೂತಿದ್ದಾನೆ, ಆದ್ದರಿಂದ ಸುತ್ತಿ ಬಳಸಿ ಬರೆಯುವುದಿಲ್ಲ. ಬೆಳಿಗ್ಗೆ ಎದ್ದರೆ ಹಿಂದಲೆ ಭಾರ, ವಾಕಿಂಗ್ ಹೊರಟರೆ ಕಣ್ಣು ಕತ್ತಲೆ ಬಂದು ಮರ ಹಿಡಿದು ನಿಲ್ಲಬೇಕಾಗುತ್ತದೆ, ಸೊಸೆ ಕಾಯಿಸುವ ರಾಗಿ ಅಂಬಲಿ ಮೈಗೆ ಹತ್ತುತ್ತಿಲ್ಲ, ಬಂದುಬಿಡು ಎಂದು ಬರೆದಿದ್ದೀರಿ. ನನ್ನ ಸೊಂಟ ಹೇಗಿದೆ ಎಂದು ಒಂದು ಸಾಲೂ ಇಲ್ಲ. ಮದುವೆಯಾದ ಐವತ್ತೊಂದು ವರ್ಷಕ್ಕೆ ನೀವು ನನಗೆ ಬರೆದ ಮೊದಲ ಕಾಗದ, ಅದೂ ಅಂಬಲಿಗಾಗಿ.

ನಾನು ಬರುವುದಿಲ್ಲ.

ಗುಂಡ್ಲುಪೇಟೆಯಲ್ಲಿ ಹಿರಿಯರ ಸಂಘದವರು ನಿಮಗೆ ಶಾಲು ಹೊದಿಸಿದ ದಿನ ನೆನಪಿದೆಯಲ್ಲ? ‘ಎಪ್ಪತ್ತೆಂಟಾದರೂ ಒಂದೂ ಮಾತ್ರೆ ನುಂಗದ ವೃಷಭೇಂದ್ರಪ್ಪನವರು’ ಎಂದು ಫ್ಲೆಕ್ಸ್ ಕಟ್ಟಿದ್ದರು. ನಿಮ್ಮ ಹೆಸರನ್ನು ನಾನು ಬಾಯಲ್ಲಿ ಆಡಿದವಳಲ್ಲ, ಫ್ಲೆಕ್ಸಿನಲ್ಲಿದ್ದದ್ದನ್ನು ಬರೆದಿದ್ದೇನೆ ಅಷ್ಟೆ. ಅವತ್ತು ನೀವು ವಾಕಿಂಗ್ ಮುಗಿಸಿ ಯಾರದೋ ಮನೆಯಲ್ಲಿ ಸ್ನಾನ, ಶಿವಪೂಜೆ, ತಿಂಡಿ ಎಲ್ಲ ಮಾಡಿಕೊಂಡು ಹಾಗೇ ಸಭೆಗೆ ಹೋದಿರಿ. ನನಗೆ ಹೇಳಿ ಕಳಿಸಲಿಲ್ಲ.

ನಾನು ಏಳೂವರೆಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ್ದೆ. ಅರ್ಧ ಗಂಟೆಯೊಳಗೆ ತಿನ್ನಲೇಬೇಕು ಎಂದು ಡಾಕ್ಟರು ನಿಮ್ಮ ಮುಂದೆಯೇ ಹೇಳಿದ್ದರು. ಆದರೆ ನೀವು ಪೂಜೆ ಮುಗಿಸಿ ಉಣ್ಣದೆ ನಾನು ತಟ್ಟೆ ಹಾಕಿಕೊಂಡದ್ದುಂಟೇ? ಮದುವೆಯಾಗಿ ಬಂದ ವಾರದಲ್ಲೇ ನಿಮ್ಮ ಅವ್ವ, ‘ಗಂಡ ಉಣ್ಣೋಕ್ ಮುಂಚೆ ತಟ್ಟೆ ಮುಟ್‌ಬ್ಯಾಡ ಕಣಮ್ಮಿ’ ಎಂದಿದ್ದರು. ಅವರು ತೀರಿಕೊಂಡು ಇಪ್ಪತ್ತು ವರ್ಷವಾಯಿತು, ನಾನು ಪಾಲಿಸುತ್ತಲೇ ಇದ್ದೆ. ದಡ್ಡಿ. ಎಂಟಾಯಿತು, ಹತ್ತಾಯಿತು. ಕೈ ನಡುಗಿತು, ಮೈ ಬೆವರಿತು. ಇಡ್ಲಿ ತಪ್ಪಲೆ ಎದುರಿಗೇ ಇತ್ತು. ಹನ್ನೊಂದಕ್ಕೆ ಒಲೆಯ ಮುಂದೆ ಬಿದ್ದೆ, ಸೊಂಟದ ಮೂಳೆ ಮುರಿಯಿತು.

ಅದಕ್ಕೂ ನಾನು ನಿಮ್ಮನ್ನು ಬಿಟ್ಟು ಬರುತ್ತಿರಲಿಲ್ಲ. ಮೈಸೂರಿನ ಆಸ್ಪತ್ರೆಯಲ್ಲಿ ರಾಡು ಹಾಕಿಸಿಕೊಂಡು ಮಲಗಿದ್ದಾಗ ಸೋಮೇಶ ಫೋನಿನಲ್ಲಿ ನಿಮ್ಮ ಭಾಷಣ ತೋರಿಸಿದ. ಅಪ್ಪ ಎಷ್ಟು ಚೆನ್ನಾಗಿ ಮಾತಾಡಿದ್ದಾರೆ ನೋಡವ್ವ ಎಂದ ಪಾಪ. ನಾಲ್ಕೂವರೆಗೆ ಏಳುತ್ತೇನೆ, ಅಂಬಲಿ ಕುಡಿಯುತ್ತೇನೆ, ಐದು ಮೈಲಿ ನಡೆಯುತ್ತೇನೆ, ಎಲ್ಲ ಶಿಸ್ತು ಎಂದಿರಿ. ಆಮೇಲೆ ನಗುತ್ತಾ, ‘ನಮ್ಮನೆಯವಳ್ನೇ ನೋಡಿ, ಒಳಗೇ ಕೂತು ಕೂತು ಸಕ್ಕರೆ ಕಾಯಿಲೆ ತಂದ್ಕಂಡವ್ಳೆ’ ಎಂದಿರಿ. ಜನ ಚಪ್ಪಾಳೆ ತಟ್ಟಿದರು. ನೀವು ನಾಲ್ಕೂವರೆಗೆ ಎದ್ದಾಗ ಅಂಬಲಿ ಬಿಸಿಯಾಗಿರಬೇಕಾದರೆ ನಾನು ಎಷ್ಟು ಗಂಟೆಗೆ ಎದ್ದಿರಬೇಕು? ಕೂತವಳು ಯಾವಾಗ ಕೂತೆ, ಹೇಳಿ. ಎಷ್ಟು ಹೊಟ್ಟೆ ಉರಿಯಿತು ಅಂದರೆ, ಆಸ್ಪತ್ರೆಯಿಂದ ಸೀದಾ ತಂಗಿ ಗುರುಮಲ್ಲಮ್ಮನ ಮನೆಗೆ ಬಿಡು ಎಂದು ಮಗನಿಗೆ ಹೇಳಿದೆ.

ಇಲ್ಲಿ ನಾನು ಎಂಟು ಗಂಟೆಗೆ ಸರಿಯಾಗಿ ಉಣ್ಣುತ್ತೇನೆ. ಮೊದಲ ದಿನ ತಂಗಿ ತಟ್ಟೆ ತಂದಿಟ್ಟಾಗ ಯಾರೋ ಬೈಯುತ್ತಾರೆ ಅನ್ನಿಸಿ ಬಾಗಿಲ ಕಡೆ ನೋಡಿದೆ. ಅವಳು, ‘ಉಣ್ಣಕ್ಕ, ಇಲ್ಲಿ ಯಾರ್ಗೂ ಕಾಯಾಂಗಿಲ್ಲ’ ಎಂದಳು. ಒಂದು ಸೇರು ರಾಗಿಯನ್ನು ಬಟ್ಟೆಯಲ್ಲಿ ಗಂಟು ಹಾಕಿ ಕಾಲಿಗೆ ಕಟ್ಟಿಕೊಂಡು ದಿನಕ್ಕೆ ಮೂವತ್ತು ಸಲ ಎತ್ತುತ್ತೇನೆ. ನಿನ್ನೆ ಕೋಲು ಹಿಡಿದು ಬೀದಿಯ ಕೊನೆಯ ನಲ್ಲಿಯ ತನಕ ಹೋಗಿ ಬಂದೆ. ಎಪ್ಪತ್ತನೆಯ ವರ್ಷದಲ್ಲಿ, ಯಾರ ಕೆಲಸಕ್ಕೂ ಅಲ್ಲದೆ ನನಗೋಸ್ಕರ ನಡೆದದ್ದು ಅದೇ ಮೊದಲು. ಇದನ್ನು ಬಿಟ್ಟು ಬರಲು ನನಗೆ ಮನಸ್ಸಿಲ್ಲ. ಇನ್ನೆಷ್ಟು ವರ್ಷವೋ, ಅಷ್ಟೂ ನನಗಿರಲಿ.

ಸೊಸೆಯನ್ನು ಬೈಯಬೇಡಿ. ಅವಳ ಅಂಬಲಿಯಲ್ಲಿ ತಪ್ಪಿಲ್ಲ.

ಇತಿ,
ದೊಡ್ಡಮಲ್ಲಮ್ಮ

ಮರೆತ ಮಾತಲ್ಲ, ಬರೆಯಲೋ ಬೇಡವೋ ಎಂದು ಹಿಡಿದಿಟ್ಟುಕೊಂಡದ್ದು: ಆರು ವರ್ಷದ ಹಿಂದೆ ಬೇಗೂರಿನಲ್ಲಿ ಆರೋಗ್ಯ ಶಿಬಿರ ನಡೆದಾಗ ನಿಮಗೆ ಬಿಪಿ ಜಾಸ್ತಿ ಇದೆ ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು. ‘ನಂಗ್ಯಾಕ್ಲಾ ಮಾತ್ರೆ’ ಎಂದು ಸೋಮೇಶನ ಮೇಲೆ ರೇಗಿ ಚೀಟಿ ಮುದುರಿ ಎಸೆದಿರಿ. ನಾನು ಎತ್ತಿಕೊಂಡೆ. ಅದನ್ನು ಅಂಗಡಿಯಲ್ಲಿ ತೋರಿಸಿ ಮಾತ್ರೆ ತಂದಿಟ್ಟುಕೊಂಡು, ಅವತ್ತಿನಿಂದ ದಿನಾ ಒಂದು ಪುಡಿ ಮಾಡಿ ನಿಮ್ಮ ಅಂಬಲಿಗೆ ಹಾಕಿದ್ದೇನೆ. ನಾನು ಬಿದ್ದಾಗಿನಿಂದ, ಈ ಹನ್ನೊಂದು ವಾರ, ನಿಮ್ಮ ಹೊಟ್ಟೆಗೆ ಹೋಗುತ್ತಿರುವುದು ಬರೀ ಅಂಬಲಿ. ಫೋನಿನಲ್ಲಿ ಹೇಳಬಹುದಿತ್ತು. ನಿಮ್ಮ ಶಿಸ್ತು ಎಲ್ಲಿಯ ತನಕ ನಡೆಸುತ್ತದೋ ನೋಡೋಣ ಎಂದು ಬೇಕೆಂದೇ ಸುಮ್ಮನಿದ್ದೆ. ಆ ಪಾಪ ನನ್ನದು. ಚೀಟಿ ಇದರೊಳಗಿದೆ. ಇವತ್ತೇ ಸೋಮೇಶನ ಜೊತೆ ಹೋಗಿ ಡಾಕ್ಟರಿಗೆ ತೋರಿಸಿ, ಅವರು ಕೊಟ್ಟದ್ದನ್ನು ನಿಮ್ಮ ಕೈಯಾರೆ ನುಂಗಿ.