ದಸ್ತಗೀರಸಾಬರು ಯಾರ ನೌಕರರು, ತೆರಿಗೆ ಸಾಹೇಬರೇ?

ಝಳಕಿ, ತಾಲೂಕು ಇಂಡಿ
ಮಾರ್ಚ್ ೧೯೭೮

ತೆರಿಗೆ ಅಧಿಕಾರಿಗಳಿಗೆ,

ಮಾನ್ಯರೇ,

ಸ್ವಂತ ಕಸುಬಿನ ಮನುಷ್ಯನೊಬ್ಬನನ್ನು ನೀವು ಒಂದು ಆದೇಶ ಬರೆದು ನೌಕರನನ್ನಾಗಿ ಮಾಡಿದಿರಿ. ಆ ನೌಕರಿಯಲ್ಲಿ ಅವನ ಕೈ ಯಂತ್ರಕ್ಕೆ ಸಿಕ್ಕಿತು. ಅವನು ನೌಕರನೇ ಅಲ್ಲ ಎಂದು ಇನ್ನೊಂದು ಕಚೇರಿ ಹೇಳಿದಾಗ ನೀವು ಬಾಯಿ ಮುಚ್ಚಿಕೊಂಡು ಕೂತಿರಿ. ನನ್ನ ದೂರು ಇಷ್ಟೇ. ಇದನ್ನೇ ಅರ್ಜಿಯಾಗಿ ಬರೆದು ಕೊಟ್ಟಿದ್ದೆ, ಉತ್ತರ ಬರಲಿಲ್ಲ. ಸಾಹೇಬರು ಅರ್ಜಿ ಓದುವುದಿಲ್ಲ, ಚಹಾ ಕುಡಿಯುವಾಗ ಪತ್ರಿಕೆ ಮಾತ್ರ ಓದುತ್ತಾರೆ ಎಂದು ನಿಮ್ಮ ಜವಾನ ಹೇಳಿದ. ಆದ್ದರಿಂದ ಪತ್ರಿಕೆಗೇ ಬರೆಯುತ್ತಿದ್ದೇನೆ. ಚಹಾ ಆರದಂತೆ ನೋಡಿಕೊಳ್ಳಿ.

ನಾನು ವೆಲ್ಡಿಂಗ್ ಮಿಸ್ತ್ರಿ. ದಸ್ತಗೀರಸಾಬರು ಹತ್ತಿ ಬಿಡಿಸುವ ಜಿನ್ನಿಂಗ್ ಕಾರ್ಖಾನೆಗಳ ಫಿಟ್ಟರ್ ಮಿಸ್ತ್ರಿ. ನನಗಿಂತ ಹಿರಿಯರು, ನಾನು ಅವರಿಗೆ ದಸ್ತಗೀರಣ್ಣ ಎನ್ನುತ್ತೇನೆ. ಹಂಗಾಮು ಬಂತೆಂದರೆ ನಾವಿಬ್ಬರೂ ಜೋಡಿಯಾಗಿ ಹೊರಡುತ್ತಿದ್ದೆವು. ಇವತ್ತು ಇಂಡಿ, ನಾಳೆ ಸಿಂದಗಿ, ಅಲ್ಲಿಂದ ಬಸವನ ಬಾಗೇವಾಡಿ, ಕರೆ ಬಂದರೆ ಮುದ್ದೇಬಿಹಾಳ. ಕೆಲಸದ ಹತಾರ ನಮ್ಮವು, ಮಾತಾಡಿ ಮುಗಿಸಿದ ಕೂಲಿ ನಮ್ಮದು, ಕೆಲಸ ಕೆಟ್ಟರೆ ಬೈಗಳೂ ನಮ್ಮವೇ. ಯಾವ ಮಾಲೀಕನ ಗಂಟೆಗೂ ನಾವು ಎದ್ದವರಲ್ಲ. ಬಿಲ್ಲಿನಲ್ಲಿ ಸರ್ಕಾರ ತನ್ನ ಪಾಲು ಮುರಿದುಕೊಂಡಾಗ ಒಂದು ದಿನವೂ ತಕರಾರು ತೆಗೆಯಲಿಲ್ಲ.

ಹೋದ ವರ್ಷದ ಹಂಗಾಮಿನಲ್ಲಿ ಇಂಡಿಯ ಕಾರ್ಖಾನೆಯೊಂದಕ್ಕೆ ನಿಮ್ಮ ಇನ್ಸ್‌ಪೆಕ್ಟರ್ ಬಂದ. ಗುತ್ತಿಗೆದಾರರೆಂದು ತೋರಿಸಿದವರಲ್ಲಿ ನೌಕರರು ಎಷ್ಟು ಜನ ಅಡಗಿದ್ದಾರೆ ಎಂದು ಹುಡುಕುವುದು ಅವನ ಕೆಲಸವಂತೆ. ನಾನು ಯಂತ್ರದ ಕೆಳಗೆ ಮಲಗಿ ವೆಲ್ಡಿಂಗ್ ಮಾಡುತ್ತಿದ್ದೆ, ಅವನಿಗೆ ನನ್ನ ಕಾಲು ಮಾತ್ರ ಕಾಣುತ್ತಿತ್ತು. ಹಾಗಾಗಿ ಅವನು ಬೆಂಚಿನ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದ ದಸ್ತಗೀರಸಾಬರನ್ನು ಹಿಡಿದ.

“ನಿಮ್ಮನ್ನು ಇಲ್ಲಿಗೆ ಬರಲು ಹೇಳಿದವರು ಯಾರು?”

“ಮಾಲಕ್ರು ಹೇಳಿ ಕಳಿಸಿದ್ರುರಿ.”

“ಬರುವುದಿಲ್ಲ ಎಂದು ನೀವು ಹೇಳಬಹುದಿತ್ತೇ?”

ದಸ್ತಗೀರಸಾಬರು ನಕ್ಕರು. “ಹ್ಯಾಂಗ ಒಲ್ಲೆ ಅನ್ನೂದ್ರಿ ಸಾಹೇಬ್ರ? ಹೊರಗ ಹತ್ತಿ ಗಾಡಿ ಸಾಲು ಹಚ್ಚಿ ನಿಂತಾವ. ಮಷೀನ್ ಬಂದ್ ಬಿದ್ದೈತಿ.”

“ಈ ಊಟ ಯಾರದು?”

“ಅವ್ರ ಮನೀದರಿ. ಬ್ಯಾಡಂದ್ರೂ ಬಿಡಾಂಗಿಲ್ಲ.”

ಅಷ್ಟಕ್ಕೆ ನಿಮ್ಮ ತನಿಖೆ ಮುಗಿಯಿತು. ಈ ವ್ಯಕ್ತಿ ಮಾಲೀಕರ ಆಜ್ಞೆಗೆ ಒಳಪಟ್ಟವನು, ಊಟದ ಸೌಲಭ್ಯ ಪಡೆಯುವವನು, ಆದ್ದರಿಂದ ಗುತ್ತಿಗೆದಾರನ ಮಾರುವೇಷದಲ್ಲಿರುವ ನೌಕರನು ಎಂದು ನೀವು ಆದೇಶ ಹೊರಡಿಸಿದಿರಿ. ಮನುಷ್ಯನ ಮರ್ಯಾದೆಯ ಮಾತನ್ನೇ ಅವನ ವಿರುದ್ಧ ಸಾಕ್ಷಿ ಮಾಡಿದ ಆ ಜಾಣತನಕ್ಕೆ ಯಾವ ಬಿರುದು ಕೊಡೋಣ? ಈ ಲೆಕ್ಕದಲ್ಲಿ ನಮ್ಮ ಮನೆಗೆ ಬಂದ ಬೀಗರೆಲ್ಲ ನನ್ನ ನೌಕರರು. ಕರೆದಾಗ ಬಂದಿದ್ದಾರೆ, ಹೋಳಿಗೆ ಉಂಡಿದ್ದಾರೆ, ನಾನು ತೋರಿಸಿದ ಕಡೆಯೇ ಕೂತಿದ್ದಾರೆ. ಅವರ ಮೇಲೂ ಒಂದು ಆದೇಶ ಬರಲಿ, ಅದರಲ್ಲಿ ನಮ್ಮ ಮಾವನವರ ಹೆಸರು ಮೊದಲು ಇರಲಿ.

ವರ್ಷಗಟ್ಟಲೆ ತಮ್ಮ ಕೈಕೆಳಗೆ ದುಡಿಯುವವರನ್ನು ಗುತ್ತಿಗೆದಾರ ಎಂದು ಬರೆದು, ರಜೆ, ಬೋನಸ್ಸು, ಭವಿಷ್ಯ ನಿಧಿ ಎಲ್ಲ ನುಂಗುವ ಮಾಲೀಕರು ಇದ್ದಾರೆ, ನನಗೆ ಗೊತ್ತು. ಅಂಥವರನ್ನು ಹಿಡಿಯಿರಿ, ಬೇಕಾದರೆ ಮನೆ ತೋರಿಸಲು ನಾನೇ ಬರುತ್ತೇನೆ. ಆದರೆ ಅವರ ಬಾಗಿಲು ಬಡಿಯಲು ಧೈರ್ಯ ಬೇಕು. ಬೆಂಚಿನ ಮೇಲೆ ಕೂತು ರೊಟ್ಟಿ ತಿನ್ನುವವನನ್ನು ಹಿಡಿಯಲು ಪೆನ್ನೊಂದಿದ್ದರೆ ಸಾಕು.

ಆದೇಶ ಬಂದ ಮೇಲೆ ಇಂಡಿಯ ಮಾಲೀಕರು ದಸ್ತಗೀರಸಾಬರನ್ನು ಕರೆಸಿದರು. “ನೋಡ್ರಿ, ನನಗ ಈ ತೆರಿಗಿ ಮಂದಿ ಕಾಟ ಬ್ಯಾಡ. ನೌಕರ ಅಂದಾರಲ್ಲ, ನೌಕರನಂಗ ಇರ್ರಿ. ಘಂಟಿ ಹೊಡದಾಗ ಬರಬೇಕು, ಘಂಟಿ ಹೊಡದಾಗ ಹೋಗಬೇಕು. ಬ್ಯಾರೆ ಊರ ಕೆಲಸ ಹಿಡಿಯಾಂಗಿಲ್ಲ.” ಸುದ್ದಿ ಕೇಳಿದ ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳದ ಕಾರ್ಖಾನೆಯವರು, ತೆರಿಗೆಯ ತಂಟೆ-ಭಾನಗಡಿ ಮುಗಿಯುವವರೆಗೆ ಈ ಕಡೆ ಬರಬೇಡಿ ಎಂದು ನಮ್ಮಿಬ್ಬರಿಗೂ ಹೇಳಿ ಕಳಿಸಿದರು. ನಾನು ಝಳಕಿಯ ರಸ್ತೆ ಪಕ್ಕದಲ್ಲಿ ತಗಡಿನ ಶೆಡ್ಡು ಹಾಕಿ ಲಾರಿ, ಟ್ರಾಕ್ಟರುಗಳ ಕೆಲಸ ಹಿಡಿದೆ. ದಸ್ತಗೀರಸಾಬರಿಗೂ ಬನ್ನಿ ಎಂದೆ.

“ರೇವಪ್ಪಾ, ನಿನ್ನ ವೆಲ್ಡಿಂಗ್ ಎಲ್ಲಾ ಕಡಿ ನಡೀತೈತಿ. ನಾ ಕಲ್ತದ್ದು ಜಿನ್ ಒಂದ. ಈ ವಯಸ್ಸಿನಾಗ ಮತ್ತೇನ್ ಕಲೀಲಿ?” ಎಂದು ಅವರು ಗಂಟೆಯ ನೌಕರಿಗೆ ಹೋದರು. ಹೋಗುವ ದಿನ ಹತಾರದ ಚೀಲವನ್ನು ನನ್ನ ಹತ್ತಿರವೇ ಬಿಟ್ಟರು. ಅಲ್ಲಿ ಕಾರ್ಖಾನೆಯ ಹತಾರಗಳನ್ನೇ ಬಳಸಬೇಕಂತೆ.

ನಿಮ್ಮ ಇನ್ಸ್‌ಪೆಕ್ಟರ್ ಕೇಳದೇ ಹೋದ ಒಂದು ಸಂಗತಿಯನ್ನು ಈಗ ಹೇಳುತ್ತೇನೆ. ಕರೆದರೆ ಒಲ್ಲೆ ಎನ್ನದ ಈ ಮನುಷ್ಯ, ಓಡುವ ಯಂತ್ರಕ್ಕೆ ಮಾತ್ರ ಯಾರು ಹೇಳಿದರೂ ಕೈ ಹಚ್ಚುತ್ತಿರಲಿಲ್ಲ. “ಮೊದಲ ಬಂದ್ ಮಾಡ್ರಿ, ಇಲ್ಲಂದ್ರ ನಾ ಬಸ್ಸಿಗಿ ಹೊಂಟೆ” ಎನ್ನುತ್ತಿದ್ದರು. ಮಾಲೀಕರು ಗೊಣಗುತ್ತಿದ್ದರು, ಆದರೆ ಬಂದ್ ಮಾಡುತ್ತಿದ್ದರು. ಬಸ್ಸಿಗೆ ಹೊರಡುವ ಆ ಸ್ವಾತಂತ್ರ್ಯವೇ ಅವರ ಕೈಯನ್ನು ಅಷ್ಟು ವರ್ಷ ಕಾಪಾಡಿತ್ತು. ನೌಕರನಿಗೆ ಯಾವ ಬಸ್ಸು?

ಈ ಹಂಗಾಮಿನ ನಡುವೆ ಯಂತ್ರದ ಗಾಲಿ ಓಡಿಸುವ ಪಟ್ಟಾ ಜಾರತೊಡಗಿತು. ದಸ್ತಗೀರಸಾಬರು ಬಂದ್ ಮಾಡಿರಿ ಎಂದರು. ಮ್ಯಾನೇಜರು, “ಪಗಾರ ತಗೋತೀರಿ, ಹೇಳಿದ್ದು ಮಾಡ್ರಿ. ಗಾಡಿಯವ್ರು ಬೈಯಾಕತ್ತಾರ” ಎಂದರು. ದಸ್ತಗೀರಸಾಬರು ಓಡುವ ಯಂತ್ರಕ್ಕೇ ಕೈ ಹಾಕಿದರಂತೆ. ಪಟ್ಟಾ ಬಲಗೈಯನ್ನು ಎಳೆದುಕೊಂಡಿತು. ನಾನು ದವಾಖಾನೆಗೆ ಹೋಗುವಷ್ಟರಲ್ಲಿ ಡಾಕ್ಟರು ಬೆರಳುಗಳನ್ನು ತೆಗೆದಿದ್ದರು. ಹೆಬ್ಬೆರಳೊಂದು ಉಳಿದಿತ್ತು. ಅವರ ಹೆಂಡತಿ ಶಮ್ಶುನ್ನೀಸಾ ಹಾಸಿಗೆಯ ಬದಿಗೆ ಕೂತು ಆ ಕೈಗೆ ಮೆಲ್ಲಗೆ ಗಾಳಿ ಹಾಕುತ್ತಿದ್ದರು.

ಪರಿಹಾರ ಕೇಳಿದೆವು. ಮಾಲೀಕರ ವಕೀಲರು ಹೇಳಿದ್ದು: ಇವರನ್ನು ನೌಕರ ಎಂದವರು ತೆರಿಗೆಯವರು, ನಾವು ಎಂದೂ ಒಪ್ಪಿಲ್ಲ, ನಮ್ಮ ಹಾಜರಿ ಪುಸ್ತಕದಲ್ಲಿ ಇವರ ಹೆಸರೇ ಇಲ್ಲ, ಇವರು ಗುತ್ತಿಗೆದಾರರು. ಕಾರ್ಮಿಕರ ಕಚೇರಿ ವಕೀಲರ ಮಾತಿಗೇ ಹೌದೆಂದಿತು. ಆಗ ನಾವು ಮೂವರೂ ನಿಮ್ಮಲ್ಲಿಗೆ ಬಂದೆವು. ನೆನಪಿದೆಯೇ? ಕಾರ್ಮಿಕರ ಕಚೇರಿಗೆ ಬಂದು ನಿಮ್ಮ ಆದೇಶದ ಬಗ್ಗೆ ಒಂದು ಮಾತು ಹೇಳಿ ಎಂದು ಬೇಡಿದೆವು. ನೀವು ಕನ್ನಡಕ ಒರೆಸುತ್ತಾ, “ನಮ್ಮ ಆದೇಶ ತೆರಿಗೆಯ ಉದ್ದೇಶಕ್ಕೆ ಮಾತ್ರ ಸೀಮಿತ” ಎಂದಿರಿ.

ಬಾಗಿಲಲ್ಲಿ ನಿಂತಿದ್ದ ಶಮ್ಶುನ್ನೀಸಾ ಕೇಳಿದರು: “ಹಂಗಾರ ಇವ್ರ ಕೈ ಯಾವ ಉದ್ದೇಶಕ್ಕ ಹೋತ್ರಿ, ಸಾಹೇಬ್ರ?”

ನೀವು ಮೇಜಿನ ಗಂಟೆ ಒತ್ತಿದಿರಿ. ಜವಾನ ಬಂದು ನಮ್ಮನ್ನು ಹೊರಗೆ ಕಳಿಸಿದ. ಇಷ್ಟು ಓದಿದವರು, ಇಷ್ಟು ಕಾಯ್ದೆ ಬಲ್ಲವರು, ಒಬ್ಬ ಹೆಣ್ಣುಮಗಳ ಒಂದು ಪ್ರಶ್ನೆಗೆ ನಿಮ್ಮಲ್ಲಿದ್ದ ಉತ್ತರ ಆ ಗಂಟೆ ಮಾತ್ರ. ಆ ದಿನದವರೆಗೆ ನಿಮ್ಮ ಮೇಲೆ ನನಗೆ ಸಿಟ್ಟಿತ್ತು. ಮೆಟ್ಟಿಲಿಳಿಯುವಾಗ ಅದೂ ಉಳಿಯಲಿಲ್ಲ. ಸಿಟ್ಟು ಮಾಡಲಿಕ್ಕೂ ಎದುರಿಗೆ ಒಬ್ಬ ಮನುಷ್ಯ ಇರಬೇಕಾಗುತ್ತದೆ.

ಈಗ ದಸ್ತಗೀರಸಾಬರು ದಿನಾಲೂ ನನ್ನ ಶೆಡ್ಡಿಗೆ ಬರುತ್ತಾರೆ. ನಾನು ವೆಲ್ಡಿಂಗ್ ಮಾಡುವಾಗ ಎಡಗೈಯಿಂದ ಕಬ್ಬಿಣ ಹಿಡಿಯುತ್ತಾರೆ. ಬಂದದ್ದರಲ್ಲಿ ಇಬ್ಬರೂ ಉಣ್ಣುತ್ತೇವೆ. ಕಳೆದ ವಾರ ನಿಮ್ಮ ಅದೇ ಇನ್ಸ್‌ಪೆಕ್ಟರ್ ಅಲ್ಲಿಗೂ ಬಂದು, “ಇವರು ನಿಮ್ಮ ನೌಕರರೋ, ಗುತ್ತಿಗೆದಾರರೋ?” ಎಂದು ಕೇಳಿದ. ನನ್ನ ಕೈಯಲ್ಲಿ ಸುತ್ತಿಗೆ ಇತ್ತು. ದಸ್ತಗೀರಸಾಬರು ನನ್ನ ತೋಳು ಹಿಡಿದು ತಾವೇ ಉತ್ತರ ಕೊಟ್ಟರು: “ನಿಮ್ಮ ಕಣ್ಣಿಗಿ ಬೀಳೂಕಿಂತ ಮೊದಲ ನಾ ಮಿಸ್ತ್ರಿ ಇದ್ದೆರಿ. ಬರಕೋರಿ ಅದನ್ನ.”

ಅವನು ಬರೆದುಕೊಳ್ಳಲಿಲ್ಲ. ಅದಕ್ಕೆ ಅವನ ಹಾಳೆಯಲ್ಲಿ ಖಾನೆ ಇರಲಿಲ್ಲವಂತೆ.

ಆದ್ದರಿಂದ ನನ್ನ ಒತ್ತಾಯ ಇದು. ದಸ್ತಗೀರಸಾಬರು ನೌಕರರೆಂಬುದು ನಿಜವೇ ಆಗಿದ್ದರೆ, ಕಾರ್ಮಿಕರ ಕಚೇರಿಗೆ ಬಂದು, ಮಾಲೀಕರ ಮುಖ ನೋಡಿ, ಅದನ್ನು ಬಾಯಿಬಿಟ್ಟು ಹೇಳಿ, ಅವರಿಗೆ ಬರಬೇಕಾದ ಪರಿಹಾರ ಬರಲಿ. ಸುಳ್ಳಾಗಿದ್ದರೆ ಆದೇಶ ಹಿಂದಕ್ಕೆ ತೆಗೆದುಕೊಂಡು, ಮಿಸ್ತ್ರಿಯನ್ನು ಕೆಲಸಕ್ಕೆ ಕರೆಯುವುದು ಅಪರಾಧವಲ್ಲ ಎಂದು ನಾಲ್ಕೂ ತಾಲೂಕಿನ ಕಾರ್ಖಾನೆಗಳಿಗೆ ಬರೆಯಿರಿ. ಎರಡೂ ಆಗದಿದ್ದರೆ ಒಂದು ಸಲ ದಸ್ತಗೀರಸಾಬರ ಮನೆಗೆ ಬನ್ನಿ. ಶಮ್ಶುನ್ನೀಸಾ ಅವರ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ ನೀವು. ಆ ಮನೆಯಲ್ಲಿ ಒತ್ತಲು ಗಂಟೆ ಇಲ್ಲ.

ಇಂತಿ,
ಸದ್ಯಕ್ಕೆ ಯಾರ ನೌಕರನೂ ಅಲ್ಲದ, ನಿಮ್ಮ ಮುಂದಿನ ಆದೇಶದವರೆಗೆ ಹೀಗೇ ಇರಬಲ್ಲ,
ರೇವಪ್ಪ, ವೆಲ್ಡಿಂಗ್ ಮಿಸ್ತ್ರಿ