ಮರಕ್ಕೆ ಬಳಿಯುವ ಪಾಕ

ಮನೆ, ಮೂರನೇ ಮಹಡಿ
ಮಾರ್ಚ್ ೯, ಭಾನುವಾರ

ಸಿಟ್ಟಾಗಿರುವ ನನ್ನ ಪ್ರೀತಿಯ ಯಜಮಾನರಿಗೆ,

ಹೇಗಿದ್ದೀರಿ? ಹಡಗಿನ ಇಂಜಿನ್ ಕೋಣೆಯ ಸೆಕೆಗೆ ಎದ್ದಿದ್ದ ಬೆವರುಸಾಲೆ ವಾಸಿಯಾಯಿತೇ? ಬೆನ್ನಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದೀರೋ, ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟಿದ್ದೀರೋ? ಇಲ್ಲಿ ಅತ್ತೆ ಮತ್ತು ನಾನು ಗುಂಡುಕಲ್ಲಿನ ಹಾಗಿದ್ದೇವೆ.

ನಿಮ್ಮ ಪತ್ರ ಬಂತು. ಪತಂಗ ಹಿಡಿಯುವ ಹುಚ್ಚು ಬಿಡದಿದ್ದರೆ ರಜೆಗೆ ಮನೆಗೆ ಬರುವುದಿಲ್ಲ ಎಂದು ಬರೆದಿದ್ದೀರಿ. ಬಿಡುವುದಿಲ್ಲ. ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನೀವು ನೆಮ್ಮದಿಯಾಗಿ ಓದಬಹುದು. ನಿಮ್ಮ ಕಿವಿ ಊದಿದವರು ಕೆಳಗಿನ ಮನೆಯ ದರ್ಜಿ ಎಂದು ನನಗೆ ಗೊತ್ತು. ಸಂಜೆಯಾದರೆ ಸಾಕು, ನಿಮ್ಮ ಹೆಂಡತಿ ರಮ್ಮಿನ ವಾಸನೆ ಬೀರುತ್ತಾ ಪಾರ್ಕಿನಲ್ಲಿ ಅಲೆಯುತ್ತಾಳೆ ಎಂದಿರಬೇಕು. ಸುಳ್ಳೇನಲ್ಲ. ಕಳಿತ ಬಾಳೆಹಣ್ಣಿಗೆ ಸಕ್ಕರೆ ಹಾಕಿ ಪಾಕ ಕಾಯಿಸಿ, ಆರಿದ ಮೇಲೆ ಒಂದಿಷ್ಟು ರಮ್ಮು ಬೆರೆಸಿ, ಕತ್ತಲಾಗುವ ಮೊದಲು ಬಣ್ಣದ ಬ್ರಷ್ಷಿನಿಂದ ಮರದ ಕಾಂಡಕ್ಕೆ ಬಳಿಯುತ್ತೇನೆ. ವಾಸನೆಗೆ ಪತಂಗಗಳು ಬಂದು ಕುಡಿಯುತ್ತಾ ಮೈಮರೆಯುತ್ತವೆ. ಹಿಂದೆ ಕಾಣದ್ದು ಸಿಕ್ಕರೆ ಒಂದನ್ನು ಸೀಸೆಗೆ ಹಾಕಿ ಮನೆಗೆ ತಂದು ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಿಡುತ್ತೇನೆ, ಉಳಿದವನ್ನು ಅವುಗಳ ಪಾಡಿಗೆ ಬಿಡುತ್ತೇನೆ.

ಅಮ್ಮನ ಗತಿಯೇನು ಎಂದು ಬೇರೆ ಕೇಳಿದ್ದೀರಿ. ಮಾವ ಹೋದ ಮೇಲೆ ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದರು. ಹೋದ ರಜೆಯಲ್ಲಿ ನೀವು ಎಷ್ಟು ಪುಸಲಾಯಿಸಿದರೂ ಹೊಸ್ತಿಲು ದಾಟಲಿಲ್ಲ. ಆಮೇಲೊಂದು ದಿನ ನಾನು ಪಾಕದ ಡಬ್ಬಿಯನ್ನು ಊಟದ ಮೇಜಿನ ಮೇಲೆ ಮರೆತೆ. ಅತ್ತೆ ಅದನ್ನು ಜಾಮ್ ಅಂದುಕೊಂಡು ಬ್ರೆಡ್ಡಿಗೆ ಹಚ್ಚಿ ತಿಂದುಬಿಟ್ಟಿದ್ದರು! ನಾನು ಓಡಿಬಂದು ಡಬ್ಬಿ ಕಿತ್ತುಕೊಂಡೆ. ಅವರೋ ಕೆನ್ನೆ ಕೆಂಪಗೆ ಮಾಡಿಕೊಂಡು, "ಇಷ್ಟು ರುಚಿಯಾದ್ದನ್ನ ಮರಕ್ಕೆ ಬಳಿತೀಯೇನೇ? ಯಾವ ಮಹಾರಾಯ ಬಂದು ತಿಂತಾನೋ ನಾನೂ ನೋಡ್ಬೇಕು" ಎಂದು ಚಪ್ಪಲಿ ಮೆಟ್ಟಿಯೇಬಿಟ್ಟರು. ಅಂದಿನಿಂದ ಬ್ರಷ್ಷು ನನ್ನದು, ಟಾರ್ಚು ಅವರದು. ಮರದ ಬುಡದಲ್ಲಿ ನಿಂತು ಅವರು ಗಟ್ಟಿಯಾಗಿ ನಗುತ್ತಾರೆ. ಇದರಿಂದ ನಿಮ್ಮ ಮಾನ ಹೋಗುವುದಾದರೆ ಹೋಗಲಿ ಬಿಡಿ. ದರ್ಜಿ ಬೇಕಾದರೆ ಅದಕ್ಕೊಂದು ತೇಪೆ ಹಾಕಿಕೊಡಲಿ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಡೆಕ್ಕಿಗೆ ಹೋಗುವಾಗ ಕಿವಿಗೆ ಹತ್ತಿ ಇಟ್ಟುಕೊಳ್ಳಿ. ಅತ್ತೆ ಆಶೀರ್ವಾದ ತಿಳಿಸಿದ್ದಾರೆ, ಜೊತೆಗೆ ತಲೆಗೊಂದು ಮೊಟಕು.

ಸ್ವಲ್ಪವೂ ಬಗ್ಗದ,
ನಿಮ್ಮ ಹೆಂಡತಿ

ತಾ.ಕ.: ಅವಸರದಲ್ಲಿ ಮುಖ್ಯವಾದದ್ದೇ ಬಿಟ್ಟುಹೋಗಿತ್ತು. ರಜೆಗೆ ಬರುವುದಿಲ್ಲ ಎಂಬ ನಿಮ್ಮ ಮಾತನ್ನು ಅತ್ತೆಗೆ ಓದಿ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು, "ಹಾಗಾದ್ರೆ ಅವನ ಬೀರು ಖಾಲಿ ಮಾಡೇ. ಪತಂಗದ ಪೆಟ್ಟಿಗೆ ಇಡೋಕೆ ಜಾಗ ಸಾಲ್ತಿಲ್ಲ" ಎಂದರು. ಖಾಲಿ ಮಾಡಿದ್ದೇನೆ. ನಿಮ್ಮ ಬಟ್ಟೆಗಳು ಮಂಚದ ಕೆಳಗಿವೆ, ಬಂದರೆ ತೆಗೆದುಕೊಳ್ಳಿ.